ಬಿತ್ತದೆ ಬರುವ ತುಂಬೆಯನ್ನು ಬಿತ್ತುವುದು

ನರ್ಸರಿಗೆ ಹೋಗಿ ತುಂಬೆ ಗಿಡ ಇದೆಯೇ ಎಂದು ಕೇಳಿ ನೋಡಿ. ಅಲ್ಲಿನವರು ಮೊದಲು ನಿಮ್ಮ ಮುಖ ನೋಡುತ್ತಾರೆ, ಆಮೇಲೆ ಗೇಟಿನಾಚೆಯ ಖಾಲಿ ಸೈಟಿನ ಕಡೆ ಕೈ ತೋರಿಸುತ್ತಾರೆ. ಅವರ ಲೆಕ್ಕದಲ್ಲಿ ಅದು ಕಿತ್ತೆಸೆಯುವ ಗಿಡ. ಕಾಸು ಕೊಟ್ಟು ಕೊಳ್ಳುವವರುಂಟೆ? ಅವರ ಅಂಗಡಿಯಲ್ಲಿ ಸಾಲಾಗಿ ಕೂತ ಹೂಗಿಡಗಳ ತವರು ವಿಚಾರಿಸಿದರೆ ಮಾತ್ರ ತಮಾಷೆ ಎನಿಸುತ್ತದೆ. ಚೆಂಡುಹೂ, ಜೀನಿಯಾ, ಕಾಸ್ಮಾಸ್, ಡೇಲಿಯಾ ಎಲ್ಲವೂ ಮೆಕ್ಸಿಕೊ ಕಡೆಯವು. ಪೆಟೂನಿಯಾ ದಕ್ಷಿಣ ಅಮೆರಿಕದ್ದು, ಕೆಂಪು ಸಾಲ್ವಿಯಾ ಬ್ರೆಜಿಲಿನದು. ದಿನವೂ ದೇವರ ತಲೆಯೇರುವ ನಿತ್ಯಪುಷ್ಪ ಮಡಗಾಸ್ಕರ್ ದ್ವೀಪದಿಂದ ಬಂದದ್ದು. ಜನವರಿಯಲ್ಲೋ ಆಗಸ್ಟಿನಲ್ಲೋ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಗಾಜಿನ ಮನೆ ಸುತ್ತಿ ಬಂದರೆ ಅರ್ಧ ಭೂಗೋಳ ಸುತ್ತಿದಂತೆಯೇ. ಬೆಂಗಳೂರಿನ ಮಣ್ಣಲ್ಲಿ ತಾನಾಗಿ ಹುಟ್ಟುವ ಒಂದು ಹೂವೂ ಅಲ್ಲಿ ಕಣ್ಣಿಗೆ ಬೀಳುವುದು ಕಷ್ಟ.

ನನಗೆ ಈ ಪರದೇಶಿ ಹೂಗಳ ಮೇಲೆ ಸಿಟ್ಟೇನಿಲ್ಲ. ದಸರೆಯ ಚೆಂಡುಹೂವಿನ ರಾಶಿ ನೋಡಿ ಯಾರಿಗೆ ಸಿಟ್ಟು ಬಂದೀತು? ಆದರೆ ಈ ಅಧ್ಯಾಯ ಅವುಗಳದ್ದಲ್ಲ. ಯಾರೂ ಬಿತ್ತದಿದ್ದರೂ ಮುಂಗಾರು ಬಿದ್ದ ಮೇಲೆ ಬದುವಿನ ಮೇಲೆ, ರಸ್ತೆಯಂಚಿನಲ್ಲಿ, ಕೊಯ್ಲಾದ ಹೊಲದಲ್ಲಿ ಎದ್ದು ನಿಲ್ಲುವ ತುಂಬೆಯನ್ನು ನಮ್ಮ ಅಂಗಳದಲ್ಲಿ, ನಮಗೆ ಬೇಕಾದ ಕಡೆ, ವರ್ಷವರ್ಷವೂ ಬರುವಂತೆ ಬೆಳೆಸುವುದು ಹೇಗೆ ಎಂಬುದು ಇಲ್ಲಿನ ಪ್ರಶ್ನೆ. ಇದೇನು ಮಹಾ ವಿದ್ಯೆ ಎನ್ನಬೇಡಿ. ಬೇಡವೆಂದರೂ ಬರುವ ಗಿಡಕ್ಕೆ ಬಾ ಎಂದರೆ ಬರುವುದಿಲ್ಲ. ಗುಲಾಬಿ ಬೆಳೆಸುವ ಜಾಣ್ಮೆಯನ್ನೆಲ್ಲ ಖರ್ಚು ಮಾಡಿ ತುಂಬೆ ಬೆಳೆಸಲು ಹೊರಟವರು ಎರಡನೆಯ ವರ್ಷಕ್ಕೆ ಸೋಲುತ್ತಾರೆ. ಏಕೆಂದರೆ ತುಂಬೆಯ ವಿಷಯದಲ್ಲಿ ನಾವು ಸಾಕಬೇಕಾದದ್ದು ಗಿಡವನ್ನಲ್ಲ, ಮಣ್ಣೊಳಗಿನ ಬೀಜವನ್ನು.

ಮೊದಲು ಗಿಡದ ಪರಿಚಯ. ಸಸ್ಯಶಾಸ್ತ್ರಜ್ಞರು ಇದನ್ನು ಲ್ಯೂಕಾಸ್ ಆಸ್ಪೆರಾ ಎನ್ನುತ್ತಾರೆ. ಭಾರತದ ಬಯಲುಸೀಮೆಗಳಲ್ಲೆಲ್ಲ ಇದೆ. ಮೊಣಕಾಲೆತ್ತರ ದಾಟುವುದು ಅಪರೂಪ, ಬಡ ನೆಲದಲ್ಲಾದರೆ ಗೇಣುದ್ದಕ್ಕೇ ಹೂ ಬಿಟ್ಟು ಮುಗಿಸುತ್ತದೆ. ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿದರೆ ನಾಲ್ಕು ಅಂಚುಗಳು ತಾಕುತ್ತವೆ. ತುಳಸಿ, ಪುದೀನ, ಕಾಮಕಸ್ತೂರಿಗಳ ಕುಟುಂಬದ ಗುರುತು ಅದು. ಎಲೆ ಕಿರಿದು, ಉದ್ದ, ಮುಟ್ಟಿದರೆ ಒರಟು. ಒಂದು ಜೋಡಿ ಎಲೆ ಪೂರ್ವ-ಪಶ್ಚಿಮಕ್ಕೆ ಚಾಚಿದ್ದರೆ ಅದರ ಮೇಲಿನ ಜೋಡಿ ಉತ್ತರ-ದಕ್ಷಿಣಕ್ಕೆ. ಈ ಜೋಡಿಗಳು ಕಾಂಡಕ್ಕೆ ಸೇರುವ ಗೆಣ್ಣುಗಳಲ್ಲಿ ಹೂಗಳು ಕಾಂಡದ ಸುತ್ತ ಒತ್ತಾಗಿ ಕೂತು ಹಸಿರು ಚೆಂಡಿನಂತೆ ಕಾಣುತ್ತವೆ. ಒಂದೇ ಚೆಂಡಿನಲ್ಲಿ ಇವತ್ತು ಅರಳಿದ ಹೂವೂ ನಾಳಿನ ಮೊಗ್ಗೂ ಕಳೆದ ವಾರದ ಬೀಜವೂ ಒಟ್ಟಿಗೆ ಇರುತ್ತವೆ.

ಒಂದು ಹೂವನ್ನು ಕಿತ್ತು ಭೂತಗನ್ನಡಿಯಡಿ ಹಿಡಿಯಿರಿ. ಸೆಂಟಿಮೀಟರ್ ಉದ್ದದ ಈ ಬಿಳಿ ತುಣುಕಿನಲ್ಲಿ ಎಷ್ಟು ಕೆಲಸ ಇದೆಯೆಂದು ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ದಳಗಳೆಲ್ಲ ಬುಡದಲ್ಲಿ ಕೂಡಿ ಕೊಳವೆಯಾಗಿವೆ. ಕೊಳವೆಯ ಬಾಯಿ ಎರಡು ತುಟಿಗಳಾಗಿ ಸೀಳಿದೆ. ಕೆಳತುಟಿ ಉದ್ದ, ಅಗಲ, ಮೂರು ಹಾಲೆಗಳದ್ದು. ನಡುವಿನ ಹಾಲೆ ಎಲ್ಲಕ್ಕಿಂತ ದೊಡ್ಡದು. ದೂರದಿಂದ ತುಂಬೆ ಬೆಳ್ಳಗೆ ಕಾಣುವುದು ಮುಖ್ಯವಾಗಿ ಇದರಿಂದ. ಮೇಲ್ತುಟಿ ಗಿಡ್ಡ, ಮುಂದಕ್ಕೆ ಬಾಗಿದ ಟೊಪ್ಪಿಗೆ. ಅದರ ಹೊರಮೈ ತುಂಬ ದಟ್ಟವಾದ ಬಿಳಿ ರೋಮ. ಟೊಪ್ಪಿಗೆಯನ್ನು ಸೂಜಿಯ ಮೊನೆಯಿಂದ ಮೆಲ್ಲಗೆ ಹಿಂದಕ್ಕೆ ಸರಿಸಿದರೆ ಒಳಗೆ ನಾಲ್ಕು ಕೇಸರಗಳು ಅಡಗಿರುತ್ತವೆ, ಎರಡು ಉದ್ದ, ಎರಡು ಗಿಡ್ಡ. ಮಳೆಗಾಲದಲ್ಲಿ ಅರಳುವ ಹೂವಿಗೆ ಪರಾಗ ನೆನೆಯದಂತೆ ಕಾಯುವ ಮಾಡು ಬೇಕೇ ಬೇಕಲ್ಲ. ಇನ್ನು ಕೊಳವೆಯನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೋಡೆಯಲ್ಲಿ ರೋಮಗಳದೊಂದು ಉಂಗುರ ಇದೆ. ಅದರ ಕೆಳಗೆ ಮಕರಂದ. ಸಣ್ಣಪುಟ್ಟ ಹುಳುಗಳು ನುಗ್ಗಿ ಪುಕ್ಕಟೆ ಕುಡಿದು ಹೋಗದಂತೆ ಹಾಕಿದ ಬೇಲಿ ಅದು.

ಬೇಲಿ ದಾಟಬಲ್ಲ ಗಿರಾಕಿ ಬರುವುದನ್ನು ನೋಡಬೇಕಿದ್ದರೆ ಬಿಸಿಲೇರುವ ಹೊತ್ತಿಗೆ ಗಿಡದ ಬಳಿ ಕೂರಬೇಕು. ತುಡುವೆ ಜೇನು ಬರುತ್ತದೆ, ಕೋಲುಜೇನು ಬರುತ್ತದೆ, ಹಳದಿ ಮತ್ತು ನೀಲಿಯ ಪುಟ್ಟ ಚಿಟ್ಟೆಗಳು ಬರುತ್ತವೆ. ಆದರೆ ತುಂಬೆಯ ಖಾಯಂ ಗಿರಾಕಿ ಬೇರೆ. ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳಿರುವ, ಕ್ಷಣ ಇಲ್ಲಿ ಕ್ಷಣ ಅಲ್ಲಿ ನೆಗೆಯುವ ಒಂದು ಒಂಟಿ ಜೇನು. ಅಮೆಗಿಲ್ಲಾ ಎಂಬ ಕುಲದ್ದು, ನೀಲಿಪಟ್ಟೆ ಜೇನು ಎನ್ನೋಣ. ಹಾರುತ್ತಲೇ ಉದ್ದನೆಯ ನಾಲಗೆ ಚಾಚಿಕೊಂಡು ಬರುತ್ತದೆ, ಕೆಳತುಟಿಗೆ ಜೋತು ಬೀಳುತ್ತದೆ, ತಲೆಯನ್ನು ಟೊಪ್ಪಿಗೆಯಡಿ ತೂರಿಸುತ್ತದೆ. ಕೇಸರಗಳು ಅದರ ತಲೆಗೂ ಬೆನ್ನಿಗೂ ಪರಾಗ ಸವರುತ್ತವೆ. ಒಂದು ಹೂವಿಗೆ ಸೆಕೆಂಡು ಹೊತ್ತೂ ಕೊಡದೆ ಮುಂದಿನದಕ್ಕೆ ಹಾರುತ್ತದೆ. ಹಳ್ಳಿಯಲ್ಲಿ ಬೆಳೆದವರು ಚಿಕ್ಕಂದಿನಲ್ಲಿ ಹೂ ಕಿತ್ತು ಬುಡ ಚೀಪಿ ಸಿಹಿ ನೋಡಿರುತ್ತಾರೆ. ಜೇನಿಗೆಂದು ಇಟ್ಟದ್ದರಲ್ಲಿ ನಾವೂ ಪಾಲು ತೆಗೆದುಕೊಂಡಿದ್ದೇವೆ, ಪರಾಗ ಹೊತ್ತು ಕೊಟ್ಟದ್ದು ಮಾತ್ರ ಇಲ್ಲ.

ಈ ನೀಲಿಪಟ್ಟೆ ಜೇನಿಗಾಗಿಯೇ ತುಂಬೆ ಬೆಳೆಸಿ ಎಂದು ತರಕಾರಿ ಬೆಳೆಯುವವರಿಗೆ ನಾನು ಹೇಳುತ್ತೇನೆ. ಟೊಮೆಟೊ, ಬದನೆ ಹೂಗಳಲ್ಲಿ ಪರಾಗ ಸುಲಭವಾಗಿ ಹೊರಗೆ ಬರುವುದಿಲ್ಲ. ಬದನೆಯಲ್ಲಿ ತುದಿಯಲ್ಲಿ ಬರೀ ಒಂದು ರಂಧ್ರ, ಟೊಮೆಟೊದಲ್ಲಿ ಕೋಶಗಳೆಲ್ಲ ಕೂಡಿ ಒಂದು ಕೊಳವೆ. ಅಲುಗಾಡಿಸಿದರಷ್ಟೇ ಪರಾಗ ಉದುರುತ್ತದೆ. ನಮ್ಮ ಪೆಟ್ಟಿಗೆಯ ತುಡುವೆಗೆ ಆ ವಿದ್ಯೆ ಬರುವುದಿಲ್ಲ. ನೀಲಿಪಟ್ಟೆ ಜೇನು ಹೂವನ್ನು ತಬ್ಬಿ ಹಿಡಿದು ರೆಕ್ಕೆಯ ಸ್ನಾಯುಗಳನ್ನು ಅದುರಿಸುತ್ತದೆ, ಕಿವಿಗೊಟ್ಟರೆ ಝುಂಯ್ ಎಂಬ ಏರುದನಿ ಕೇಳಿಸುತ್ತದೆ. ಆಸ್ಟ್ರೇಲಿಯಾದಲ್ಲಿ ಇದರ ಹತ್ತಿರದ ನೆಂಟನನ್ನು ಹೈಸ್ಪೀಡ್ ಕ್ಯಾಮೆರಾದಲ್ಲಿ ಸೆರೆಹಿಡಿದವರು ಅದು ಸೆಕೆಂಡಿಗೆ ಸುಮಾರು 350 ಸಲ ಹೂವಿಗೆ ತಲೆ ಚಚ್ಚುತ್ತದೆಂದು ಕಂಡುಕೊಂಡರು. ಆದರೆ ಟೊಮೆಟೊ, ಬದನೆ ಹೂಗಳಲ್ಲಿ ಮಕರಂದವೇ ಇಲ್ಲ. ಇಷ್ಟೆಲ್ಲ ದುಡಿಯುವ ಜೇನಿಗೆ ಹೊಟ್ಟೆಗೇನು? ಪಕ್ಕದಲ್ಲಿ ತುಂಬೆಯಿದ್ದರೆ ಅದಕ್ಕೂ ಊಟ, ನಿಮಗೂ ಕಾಯಿ.

ಹೂವಿನ ಮರ್ಯಾದೆಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ತುಂಬೆ ಶಿವನಿಗೆ ಪ್ರಿಯ ಎಂಬುದು ನಮಗೆಲ್ಲ ಗೊತ್ತು. ಶಿವರಾತ್ರಿಯ ದಿನ ಮಾರುಕಟ್ಟೆಯಲ್ಲಿ ಇದಕ್ಕೂ ಬೆಲೆ ಬರುತ್ತದೆ. ಕೇರಳದಲ್ಲಿ ಓಣಂ ಹೂರಂಗೋಲಿಗೆ ತುಂಬೆ ಬೇಕು. ತಮಿಳರ ಸಂಗಂ ಕಾವ್ಯಗಳಲ್ಲಿ ಯುದ್ಧಕ್ಕೆ ಹೊರಟ ಯೋಧರು ಮುಡಿಯುವ ಹೂ ಇದೇ. ತಿರುವನಂತಪುರದ ಬಳಿಯ ತುಂಬಾ ಎಂಬ ಕಡಲತಡಿಯ ಊರಿಗೂ ಈ ಗಿಡದ ಹೆಸರೇ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಬಾಹ್ಯಾಕಾಶ ರಾಕೆಟ್ ಹಾರಿದ್ದು ಅಲ್ಲಿಂದಲೇ. ಇಷ್ಟೆಲ್ಲ ಮರ್ಯಾದೆ ಇರುವ ಗಿಡವನ್ನು ಕೃಷಿ ಪುಸ್ತಕಗಳು ಸೇರಿಸಿರುವುದು ಕಳೆಗಳ ಪಟ್ಟಿಯಲ್ಲಿ. ರಾಗಿ ಹೊಲದ ರೈತನ ಮಟ್ಟಿಗೆ ಆ ಪಟ್ಟಿ ತಪ್ಪೂ ಅಲ್ಲ.

ಕಳೆ ಎಂದರೆ ಬೇಡದ ಜಾಗದಲ್ಲಿ ಬೆಳೆದ ಗಿಡ ಎಂಬ ವಿವರಣೆ ಎಲ್ಲರ ಬಾಯಲ್ಲೂ ಇದೆ. ಅದು ನಮ್ಮ ಮನಸ್ಸಿನ ವಿವರಣೆಯೇ ಹೊರತು ಗಿಡದ್ದಲ್ಲ. ಹಲಸಿನ ಸಸಿ ಬೇಡದ ಜಾಗದಲ್ಲಿ ಹುಟ್ಟಿದ ಮಾತ್ರಕ್ಕೆ ಕಳೆಯಾಗುವುದಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿದ್ದ ಸಸ್ಯವಿಜ್ಞಾನಿ ಹರ್ಬರ್ಟ್ ಬೇಕರ್ 1965ರಲ್ಲಿ ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ಪಕ್ಕಾ ಕಳೆಯಾಗಬೇಕಾದರೆ ಗಿಡಕ್ಕೆ ಏನೇನು ಗುಣ ಇರಬೇಕು? ಬೇಗ ಹೂವಿಗೆ ಬರಬೇಕು, ನೀರಿರುವ ತನಕ ಬೀಜ ಕಟ್ಟುತ್ತಲೇ ಇರಬೇಕು, ಜೇನು ಬಾರದಿದ್ದರೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವಂತಿರಬೇಕು, ಬೀಜ ಮಣ್ಣಲ್ಲಿ ಬಹುಕಾಲ ಬದುಕಬೇಕು, ಹೀಗೆ ಅವರ ಪಟ್ಟಿ ಬೆಳೆಯುತ್ತದೆ. ಮುಂದಿನ ದಶಕದಲ್ಲಿ ಇಂಗ್ಲೆಂಡಿನ ಫಿಲಿಪ್ ಗ್ರೈಮ್ ಇದನ್ನು ಇನ್ನಷ್ಟು ಚೊಕ್ಕ ಮಾಡಿದರು. ಅವರ ಪ್ರಕಾರ ಸಸ್ಯಗಳಿಗೆ ಮೂರು ದಾರಿ: ಅಕ್ಕಪಕ್ಕದವರನ್ನು ಮೀರಿ ಬೆಳೆಯುವುದು, ಬರಗಾಲ ನೆರಳುಗಳನ್ನು ತಾಳಿಕೊಳ್ಳುವುದು, ಇಲ್ಲವೇ ನೆಲ ಕೆದರಿದ ಕಡೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಮೊದಲು ಮುಗಿಸಿ ಹೋಗುವುದು. ತುಂಬೆ ಮೂರನೆಯ ದಾರಿಯದು. ಪೈಪೋಟಿಗೆ ನಿಲ್ಲುವ ತಾಕತ್ತು ಅದಕ್ಕಿಲ್ಲ. ಎತ್ತರದ ಹುಲ್ಲು ಎದ್ದರೆ ಸೋಲುತ್ತದೆ, ಪೊದೆ ಬಂದರೆ ಕಾಣೆಯಾಗುತ್ತದೆ.

ಹಾಗಾದರೆ ಅದು ಉಳಿದುಕೊಂಡದ್ದು ಹೇಗೆ? ಬೀಜದ ಬಲದಿಂದ. ತುಂಬೆಯ ಒಂದು ಹೂವಿಗೆ ಹೆಚ್ಚೆಂದರೆ ನಾಲ್ಕು ಬೀಜ. ಈ ಕುಟುಂಬದ ಅಂಡಾಶಯ ನಾಲ್ಕು ಪಾಲಾಗಿ ಒಡೆಯುವುದರಿಂದ ಐದನೆಯದು ಸಾಧ್ಯವಿಲ್ಲ. ಕಡಿಮೆಯಾಯಿತು ಎನಿಸಬಹುದು. ಗೆಣ್ಣಿಗೆ ಇಪ್ಪತ್ತು ಹೂವಿನಂತೆ ಇಪ್ಪತ್ತು ಗೆಣ್ಣುಗಳ ಗಿಡವೊಂದನ್ನು ಊಹಿಸಿಕೊಂಡು ಗುಣಿಸಿ ನೋಡಿ: 1,600 ಬೀಜ. ಅಷ್ಟೂ ಗಿಡದ ಬುಡದಲ್ಲೇ ಉದುರಿ ಮಣ್ಣಿಗೆ ಸೇರುತ್ತವೆ. ಮುಂದಿನ ಮಳೆಗೆ ಅವೆಲ್ಲ ಮೊಳೆಯುವುದಿಲ್ಲ ಎಂಬುದೇ ಕಥೆಯ ತಿರುಳು.

ಮಣ್ಣಲ್ಲಿ ಎಷ್ಟು ಬೀಜ ಕಾದು ಕೂತಿರುತ್ತದೆ ಎಂಬುದನ್ನು ಮೊದಲು ಎಣಿಸಿದವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬರು. ಒಂದು ಪುಟ್ಟ ಕೊಳದಂಚಿನಿಂದ ಮೂರು ದೊಡ್ಡ ಚಮಚದಷ್ಟು ಕೆಸರು ತೆಗೆದು ಆರು ತಿಂಗಳು ಮನೆಯೊಳಗೆ ಮುಚ್ಚಿಟ್ಟು, ಮೊಳೆತ ಒಂದೊಂದು ಸಸಿಯನ್ನೂ ಕಿತ್ತು ಎಣಿಸುತ್ತಾ ಹೋದರು. ಲೆಕ್ಕ 537ಕ್ಕೆ ಬಂತು. ಅದಷ್ಟೂ ಒಂದು ಉಪಾಹಾರದ ಬಟ್ಟಲಲ್ಲಿ ಹಿಡಿಸುವ ಕೆಸರು ಎಂದು ಅವರೇ ಬೆರಗಾಗಿ ಬರೆದಿದ್ದಾರೆ. ಇನ್ನೊಂದು ಪ್ರಯೋಗ ಇನ್ನೂ ನಡೆಯುತ್ತಿದೆ. ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಜೇಮ್ಸ್ ಬೀಲ್ ಎಂಬ ಪ್ರಾಧ್ಯಾಪಕರು 1879ರಲ್ಲಿ 20 ಸೀಸೆಗಳಿಗೆ ತೇವದ ಮರಳು ಮತ್ತು ಕಳೆಬೀಜಗಳನ್ನು ತುಂಬಿ ಕಾಲೇಜಿನ ಆವರಣದಲ್ಲಿ ಹೂತರು. ಆಗಾಗ ಒಂದು ಸೀಸೆ ತೆಗೆದು ಬಿತ್ತಿ ನೋಡುವುದು ಅವರ ಯೋಜನೆ. ಬೀಲ್ ತೀರಿಕೊಂಡರು, ಅವರ ಶಿಷ್ಯಪರಂಪರೆ ಮುಂದುವರಿಸಿತು. 2021ರಲ್ಲಿ ಒಂದು ಸೀಸೆ ಅಗೆದು ತೆಗೆದಾಗ 142 ವರ್ಷ ಹಳೆಯ ಬೀಜಗಳು ಮೊಳೆತವು! ಕೊನೆಯ ಸೀಸೆಯ ಸರದಿ 2100ರಲ್ಲಿ.

ಆ ಸೀಸೆಯನ್ನು ಅವರು ಅಗೆದದ್ದು ರಾತ್ರಿಯಲ್ಲಿ. ಹಗಲಿನ ಬೆಳಕು ಬಿದ್ದರೆ ಪ್ರಯೋಗ ಕೆಡುತ್ತದೆ. ಸಣ್ಣ ಬೀಜದ ಕಳೆಗಳಲ್ಲಿ ಹಲವಕ್ಕೆ ಮೊಳೆಯಲು ನೀರು, ಗಾಳಿ, ಬಿಸುಪು ಸಾಲದು, ಬೆಳಕಿನ ಅಪ್ಪಣೆಯೂ ಬೇಕು. ಇದರ ಗುಟ್ಟು ಬಯಲಾದದ್ದು 1952ರಲ್ಲಿ. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಪ್ರಯೋಗಾಲಯದಲ್ಲಿ ಹ್ಯಾರಿ ಬಾರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು ನೆನೆದ ಲೆಟ್ಯೂಸ್ ಬೀಜಗಳಿಗೆ ಒಮ್ಮೆ ಕೆಂಪು ಬೆಳಕು, ಒಮ್ಮೆ ಕಣ್ಣಿಗೆ ಅಷ್ಟಾಗಿ ಕಾಣದ ಕಡುಗೆಂಪು ಬೆಳಕು ತೋರಿಸಿದರು. ಕೆಂಪು ಬಿದ್ದರೆ ಮೊಳಕೆ, ಅದರ ಮೇಲೆ ಕಡುಗೆಂಪು ಬಿದ್ದರೆ ಮೊಳಕೆ ರದ್ದು. ಎಷ್ಟು ಸಲ ಅದಲುಬದಲು ಮಾಡಿದರೂ ಕೊನೆಗೆ ಯಾವ ಬೆಳಕು ಬಿತ್ತೋ ಅದರದೇ ತೀರ್ಮಾನ. ಬೀಜದೊಳಗಿನ ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಈ ಕೆಲಸ ಮಾಡುತ್ತದೆ. ಏನು ಪ್ರಯೋಜನ ಎಂದು ಕೇಳಿದರೆ, ನೆತ್ತಿಯ ಮೇಲೆ ಬೇರೆ ಗಿಡಗಳಿವೆಯೇ ಎಂದು ತಿಳಿಯುವುದಕ್ಕೆ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು ಕಡುಗೆಂಪನ್ನು ಕೆಳಕ್ಕೆ ಬಿಡುತ್ತದೆ. ಎಲೆಯ ನೆರಳಲ್ಲಿ ಬಿದ್ದ ಬೀಜಕ್ಕೆ ಕಡುಗೆಂಪೇ ಹೆಚ್ಚಾಗಿ ಸಿಗುವುದರಿಂದ ಅದು ಸುಮ್ಮನಿರುತ್ತದೆ. ಆಳದಲ್ಲಿ ಹೂತದ್ದಕ್ಕೆ ಯಾವ ಬೆಳಕೂ ಇಲ್ಲ, ಅದೂ ಸುಮ್ಮನಿರುತ್ತದೆ. ನೇಗಿಲೋ ಗುದ್ದಲಿಯೋ ಮಣ್ಣು ತಿರುವಿದ ಕ್ಷಣ ಒಂದು ಮಿಂಚು ಬೆಳಕು ಸಿಕ್ಕರೂ ಸಾಕು, ಮತ್ತೆ ಮಣ್ಣಡಿಗೆ ಹೋದರೂ ಬೀಜ ಎಚ್ಚರಗೊಂಡಿರುತ್ತದೆ.

ಜರ್ಮನಿಯ ಏರ್ಲಾಂಗೆನ್‌ನಲ್ಲಿ ಹಾರ್ಟ್‌ಮನ್ ಮತ್ತು ನೆತ್ಸಾಡಾಲ್ ಎಂಬಿಬ್ಬರು ಇದನ್ನೇ ಹಿಡಿದು ಒಂದು ಹೊಲವನ್ನು ಹಗಲಲ್ಲೂ ಅದರ ಪಕ್ಕದ್ದನ್ನು ರಾತ್ರಿಯಲ್ಲೂ ಉಳುಮೆ ಮಾಡಿಸಿದರು. ಹಗಲು ಉತ್ತ ನೆಲದ 80 ಪ್ರತಿಶತ ಭಾಗವನ್ನು ಕಳೆ ಮುಚ್ಚಿದರೆ ರಾತ್ರಿ ಉತ್ತದ್ದರಲ್ಲಿ 2 ಪ್ರತಿಶತ ಎಂದು 1990ರಲ್ಲಿ ಪ್ರಕಟಿಸಿದರು. ಆಮೇಲೆ ಬೇರೆಡೆ ಮಾಡಿ ನೋಡಿದವರಿಗೆ ಇಷ್ಟು ದೊಡ್ಡ ವ್ಯತ್ಯಾಸ ಸಿಗಲಿಲ್ಲ, ಹಾಗಾಗಿ ರಾತ್ರಿ ಉಳುಮೆ ರೂಢಿಗೆ ಬರಲಿಲ್ಲ. ನಮಗೆ ಬೇಕಾದದ್ದು ಇದರ ತಿರುವುಮುರುವು: ತುಂಬೆ ಬೇಕಿದ್ದವರು ನಡುಹಗಲಲ್ಲಿ ನೆಲ ಕೆದಕಬೇಕು.

ಎಲ್ಲ ಬೀಜವೂ ಒಂದೇ ಮಳೆಗೆ ಏಳದಿರುವುದಕ್ಕೆ ಇನ್ನೊಂದು ಕಾರಣ ಉಂಟು. ಜೆರುಸಲೆಮ್‌ನ ಡಾನ್ ಕೊಹೆನ್ 1966ರಲ್ಲಿ ಅದನ್ನು ಗಣಿತದಲ್ಲಿ ತೋರಿಸಿದರು. ಮಳೆ ನಂಬಿಕೆಗೆ ಅರ್ಹವಲ್ಲದ ಕಡೆ ಏಕವಾರ್ಷಿಕ ಗಿಡ ತನ್ನ ಬೀಜವನ್ನೆಲ್ಲ ಒಂದೇ ವರ್ಷ ಮೊಳೆಯಿಸಿದರೆ, ಮಧ್ಯದಲ್ಲಿ ಮಳೆ ಕೈಕೊಟ್ಟ ಒಂದೇ ಒಂದು ವರ್ಷ ವಂಶವನ್ನು ನಿರ್ನಾಮ ಮಾಡುತ್ತದೆ. ಮೊದಲ ಮಳೆಗೇ ಮನೆಯ ಬಿತ್ತನೆ ರಾಗಿಯನ್ನೆಲ್ಲ ಚೆಲ್ಲಿ ಕೈ ಖಾಲಿ ಮಾಡಿಕೊಳ್ಳದ ಕೋಲಾರದ ರೈತನ ಲೆಕ್ಕಾಚಾರವೇ ಇದು. ಹೀಗೆ ಉಳಿದ ಬೀಜಗಳ ರಾಶಿಗೆ ವಿಜ್ಞಾನಿಗಳು ಬೀಜ ಬ್ಯಾಂಕ್ ಎನ್ನುತ್ತಾರೆ. ನಾವು ಅಂಗಳದಲ್ಲಿ ಕಾಣುವ ತುಂಬೆ ಗಿಡಗಳು ಆ ವರ್ಷದ ಒಂದಿಷ್ಟು ಪಾಲು ಮಾತ್ರ. ಸಂಸಾರದ ದೊಡ್ಡ ಪಾಲು ಮಣ್ಣಲ್ಲಿದೆ.

ಇಷ್ಟು ತಿಳಿದ ಮೇಲೆ ಬಿತ್ತನೆ ಸುಲಭ. ಬೀಜ ಯಾವ ಅಂಗಡಿಯಲ್ಲೂ ಸಿಗುವುದು ಕಷ್ಟ, ನೀವೇ ಆಯಬೇಕು. ಡಿಸೆಂಬರ್, ಜನವರಿಯಲ್ಲಿ ಅವರೆ ಹೊಲದ ಬದುವಿನಲ್ಲೋ ಊರಾಚೆಯ ಖಾಲಿ ಜಾಗದಲ್ಲೋ ಒಣಗಿ ಕಂದು ತಿರುಗಿದ ಗಿಡಗಳನ್ನು ಹುಡುಕಿ. ಹೂವಿನ ಬುಡವನ್ನು ಹಿಡಿದುಕೊಂಡಿದ್ದ ಹಸಿರು ಬಟ್ಟಲು, ಅಂದರೆ ಪುಷ್ಪಪಾತ್ರೆ, ಒಣಗಿದ ಮೇಲೂ ಗೆಣ್ಣಿಗೆ ಅಂಟಿಕೊಂಡಿರುತ್ತದೆ. ಅದರ ಬಾಯಿಯ ಸುತ್ತ ಹತ್ತು ಪುಟ್ಟ ಹಲ್ಲುಗಳಿವೆ. ಗಿಡವನ್ನು ತಲೆಕೆಳಗೆ ಹಿಡಿದು ಕಾಗದದ ಚೀಲದೊಳಗೆ ತಟ್ಟಿದರೆ ಎರಡು, ಎರಡೂವರೆ ಮಿಲಿಮೀಟರ್ ಉದ್ದದ ನುಣುಪಾದ ಕಂದು ಬೀಜಗಳು ಉದುರುತ್ತವೆ. ಒಂದು ಬದಿ ದುಂಡು, ಇನ್ನೊಂದು ಬದಿ ಕೋನ. ನಾಲ್ಕು ಬೀಜಗಳು ಬೆನ್ನು ಹೊರಗೆ ಮಾಡಿ ಒತ್ತಾಗಿ ಕೂತಿದ್ದರಿಂದ ಬಂದ ಆಕಾರ ಅದು. ಒಂದೇ ಕಡೆಯ ಗಿಡಗಳನ್ನು ಪೂರ್ತಿ ದೋಚಬೇಡಿ. ಬೀಜವನ್ನು ಕಾಗದದ ಪೊಟ್ಟಣದಲ್ಲಿ ಬೇಸಿಗೆ ಕಳೆಯಲು ಬಿಡಿ. ಆಗಷ್ಟೇ ಉದುರಿದ ಕಳೆಬೀಜಗಳಲ್ಲಿ ಹಲವು ಒಂದು ಒಣ ಕಾಲ ದಾಟಿದ ಮೇಲೇ ಏಳುವುದು.

ಮೃಗಶಿರಾ ಮಳೆ ಬಿದ್ದು ನೆಲ ಹದಗೊಂಡಾಗ ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಒಂದು ಚದರ ಮೀಟರ್ ಜಾಗ ಆರಿಸಿ. ಮೇಲಿನ ಎರಡು ಅಂಗುಲ ಮಣ್ಣನ್ನಷ್ಟೇ ಸಡಿಲಿಸಿ. ಬೀಜವನ್ನು ಮರಳಿನೊಂದಿಗೆ ಬೆರೆಸಿ ಎರಚಿ, ಅಂಗೈಯಿಂದ ಒತ್ತಿ. ಮೇಲೆ ಮಣ್ಣು ಮುಚ್ಚಬೇಡಿ. ಗೊಬ್ಬರ ಬೇಡ, ತರಗೆಲೆಯ ಹೊದಿಕೆಯೂ ಬೇಡ. ಈ ಕಡೆಯ ಎರಡು ಮಾತು ಕೇಳಿ ಕೈತೋಟದ ಉತ್ಸಾಹಿಗಳಿಗೆ ಕೈ ತುರಿಸುತ್ತದೆ. ಎರೆಗೊಬ್ಬರ ಹಾಕಿ ತರಗು ಮುಚ್ಚುವುದು ಈಚೆಗೆ ಧರ್ಮವೇ ಆಗಿದೆಯಲ್ಲ! ಬಾಳೆಗೆ, ನಿಂಬೆಗೆ ಅದು ಸರಿ. ತುಂಬೆಗೆ ಹೊದಿಕೆ ಎಂದರೆ ಕತ್ತಲು. ಗೊಬ್ಬರ ಹಾಕಿದರೆ ಅದರ ಲಾಭ ಪಡೆಯುವುದು ಪೈಪೋಟಿಯ ದಾರಿ ಹಿಡಿದ ಗಿಡಗಳು. ದಂಟು, ಹುಲ್ಲು ಮೇಲೇರಿ ತುಂಬೆಯನ್ನು ನೆರಳಲ್ಲಿ ಕೂರಿಸುತ್ತವೆ. ಅಂಗಳವಿಲ್ಲದವರು ಎಂಟು ಅಂಗುಲದ ಕುಂಡಕ್ಕೆ ಕೆಂಪು ಮಣ್ಣು, ಮರಳು ಬೆರೆಸಿ ತುಂಬಿ ತಾರಸಿಯಲ್ಲಿ ಬೆಳೆಯಬಹುದು.

ಮೊಳೆತ ಮೇಲೆ ಗುರುತು ಹಿಡಿಯುವುದು ಒಂದು ಪರೀಕ್ಷೆ. ತುಂಬೆ ಸಸಿ ಚಿಕ್ಕಂದಿನಿಂದಲೇ ನೆಟ್ಟಗೆ ನಿಲ್ಲುತ್ತದೆ, ಎಲೆಗಳು ಎದುರುಬದುರು ಜೋಡಿ, ಕಾಂಡಕ್ಕೆ ಅಂಚು, ಉಜ್ಜಿದರೆ ಘಾಟು. ಪಕ್ಕದಲ್ಲಿ ನೆಲಕ್ಕಂಟಿ ಸುತ್ತಲೂ ಹರಡಿದ, ಕ್ಯಾರೆಟ್ ಸೊಪ್ಪಿನಂತೆ ಸೀಳಿದ ಎಲೆಯ ಸಸಿ ಕಂಡರೆ ಅದು ಕಾಂಗ್ರೆಸ್ ಗಿಡ, ಪಾರ್ಥೇನಿಯಂ. ಅದನ್ನು ಹೂ ಬಿಡುವ ಮೊದಲೇ, ಕೈಗೆ ಗವಸು ಹಾಕಿಕೊಂಡು ಬೇರುಸಹಿತ ಕೀಳಿ. 1950ರ ದಶಕದ ನಡುವೆ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಅಮೆರಿಕದ ಗಿಡವೂ ತುಂಬೆಯ ಹಾಗೆಯೇ ಕೆದರಿದ ನೆಲದ ವಾಸಿ, ಒಂದೊಂದು ಗಿಡ ಹತ್ತು ಸಾವಿರಕ್ಕೂ ಮಿಕ್ಕಿ ಬೀಜ ಉದುರಿಸಬಲ್ಲದು. ತವರಿನಲ್ಲಿ ಅದನ್ನು ಮೇಯುವ ಹುಳುಗಳಿವೆ, ಇಲ್ಲಿರಲಿಲ್ಲ. ಅದಕ್ಕೆಂದೇ ಮೆಕ್ಸಿಕೊದಿಂದ ಜೈಗೊಗ್ರಾಮಾ ಎಂಬ ಪಟ್ಟೆ ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆಯೆಲ್ಲ ತೂತಾಗಿದ್ದರೆ ಆ ದುಂಬಿ ಕೆಲಸದಲ್ಲಿದೆ ಎಂದರ್ಥ. ತುಂಬೆಯನ್ನೂ ಕಾಂಗ್ರೆಸ್ಸನ್ನೂ ಒಂದೇ ಕಳೆನಾಶಕದಲ್ಲಿ ತೊಳೆದುಬಿಡುವುದು ಸೋಮಾರಿತನ ಎಂದೇ ನನ್ನ ಅಭಿಪ್ರಾಯ. ಸಿಂಪಡಣೆ ಮುಗಿದು ಖಾಲಿಯಾದ ನೆಲಕ್ಕೆ ಮೊದಲು ಮರಳುವುದು ಹೆಚ್ಚಾಗಿ ಕಾಂಗ್ರೆಸ್ಸೇ.

ಹುಟ್ಟಿದ ಸಸಿಗಳೆಲ್ಲ ಉಳಿಯುತ್ತವೆಂದು ನೆಚ್ಚಬೇಡಿ. ಡಾರ್ವಿನ್ ತಮ್ಮ ಮನೆಯಂಗಳದಲ್ಲಿ ಮೂರಡಿ ಉದ್ದ, ಎರಡಡಿ ಅಗಲದ ಜಾಗ ಅಗೆದು ಹಸನು ಮಾಡಿ ಹುಟ್ಟಿದ ಕಳೆಗಳಿಗೆಲ್ಲ ಗುರುತು ಹಾಕಿದ್ದರು. 357 ಸಸಿಗಳಲ್ಲಿ 295 ನಾಶವಾದವು, ಬಹುಪಾಲು ಗೊಂಡೆಹುಳು ಮತ್ತು ಕೀಟಗಳ ಬಾಯಿಗೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಮಾಡಿ ನೋಡಬಹುದು, ಬೇಕಾದದ್ದು ಒಂದಿಷ್ಟು ಬೆಂಕಿಕಡ್ಡಿ ಮತ್ತು ನೋಟ್‌ಬುಕ್ ಮಾತ್ರ. ಉಳಿದ ಸಸಿಗಳನ್ನು ಗೇಣಿಗೊಂದರಂತೆ ಬಿಟ್ಟು ಮಿಕ್ಕದ್ದನ್ನು ತೆಗೆಯಿರಿ. ಆಮೇಲೆ ನಿಮಗೆ ಕೆಲಸವಿಲ್ಲ.

ಪೇಚು ಬರುವುದು ಎರಡನೆಯ ವರ್ಷ. ಮೊದಲ ವರ್ಷ ಹಾಲು ಚೆಲ್ಲಿದಂತೆ ಅರಳಿದ ಜಾಗದಲ್ಲಿ ಮರುವರ್ಷ ನಾಲ್ಕಾರು ಬಡಕಲು ಗಿಡ, ಮೂರನೆಯ ವರ್ಷ ಬರೀ ಹುಲ್ಲು. ಬೀಜ ಸತ್ತಿಲ್ಲ, ಅಪ್ಪಣೆ ಸಿಕ್ಕಿಲ್ಲ ಅಷ್ಟೆ. ಇಂಗ್ಲೆಂಡಿನ ಗೋಧಿ ಹೊಲಗಳ ಕೆಂಪು ಗಸಗಸೆ ಹೂವಿನದೂ ಇದೇ ಸ್ವಭಾವ. ಮೊದಲ ಮಹಾಯುದ್ಧದಲ್ಲಿ ಫಿರಂಗಿಗಳು ನೆಲವನ್ನು ಉತ್ತು ಹಾಕಿದ ಫ್ಲಾಂಡರ್ಸ್ ಬಯಲಲ್ಲಿ ಅದು ಕೆಂಪಗೆ ಹಬ್ಬಿದ್ದಕ್ಕೆ ಮಣ್ಣಡಿ ಕಾದಿದ್ದ ಬೀಜವೇ ಕಾರಣ. ಇಂಗ್ಲೆಂಡಿನದೇ ಇನ್ನೊಂದು ಹೊಲದ ಹೂ ಕಾರ್ನ್‌ಕಾಕಲ್‌ನ ಬೀಜ ಮಾತ್ರ ಮಣ್ಣಲ್ಲಿ ಬಹುಕಾಲ ಬಾಳುವುದಿಲ್ಲ. ಗೋಧಿಯ ಜೊತೆ ಸೇರಿ ಮರುಬಿತ್ತನೆಯಾಗಿಯೇ ಬದುಕಿದ್ದ ಅದು ಬಿತ್ತನೆಕಾಳು ಶುದ್ಧಮಾಡುವ ಯಂತ್ರಗಳು ಬಂದ ಮೇಲೆ ಬ್ರಿಟನ್ನಿನ ಹೊಲಗಳಿಂದ ಹೆಚ್ಚುಕಡಿಮೆ ಅಳಿದೇ ಹೋಯಿತು. ಕಳೆ ಎಂದ ಮಾತ್ರಕ್ಕೆ ಅಳಿವಿಲ್ಲ ಎಂದೇನೂ ಇಲ್ಲ.

ಆದ್ದರಿಂದ ಪ್ರತಿವರ್ಷ ಮುಂಗಾರಿಗೆ ಮುನ್ನ ಆ ಒಂದು ಚದರ ಮೀಟರನ್ನು ಬಿಸಿಲಿರುವಾಗ ಸಣ್ಣ ಗುದ್ದಲಿಯಿಂದ ಕೆದಕಿ, ಹುಲ್ಲಿನ ಬೇರು ಆಯ್ದು ಹಾಕಿ. ರಾಗಿ ಹೊಲದಲ್ಲಿ ಕುಂಟೆ ಮಾಡುವ ಕೆಲಸವನ್ನು ನೀವು ಮಾಡಿದಂತೆ. ಹೂ ಮುಗಿದ ಗಿಡವನ್ನು ಕೂಡಲೇ ಕಿತ್ತು ಅಂಗಳ ಚೊಕ್ಕಟ ಮಾಡುವ ಆತುರ ಬೇಡ, ಬೀಜ ಪೂರ್ತಿ ಉದುರಲಿ. ಒಣಗಡ್ಡಿಗಳಿಂದ ಇನ್ನೊಂದು ಉಪಯೋಗವೂ ಇದೆ. ನೀಲಿಪಟ್ಟೆ ಜೇನಿನ ಗಂಡುಗಳಿಗೆ ಗೂಡಿಲ್ಲ. ಸಂಜೆಯಾದರೆ ಇಂಥ ಒಣ ಕಡ್ಡಿಗಳನ್ನು ದವಡೆಯಿಂದ ಕಚ್ಚಿ ಹಿಡಿದು, ಸಾಲಾಗಿ ಜೋತು ಮಲಗುತ್ತವೆ. ಹೆಣ್ಣುಗಳು ಮಣ್ಣಿನ ದಿಬ್ಬದಲ್ಲಿ, ಹಳೆಯ ಮಣ್ಣುಗೋಡೆಯಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತವೆ. ಅಂಗಳಕ್ಕೆಲ್ಲ ಟೈಲ್ಸ್ ಹಾಸಿ ಮೂಲೆಯಲ್ಲಿ ನಾಲ್ಕು ಕುಂಡ ಇಟ್ಟವರ ಮನೆಗೆ ಅವು ಊಟಕ್ಕೆ ಬಂದಾವು, ವಾಸಕ್ಕೆ ಬರುವುದಿಲ್ಲ.

ಔಷಧಿಯ ಮಾತನ್ನು ನಾನೇ ಎತ್ತದಿದ್ದರೆ ಓದುಗರು ಎತ್ತುತ್ತಾರೆ. ನೆಗಡಿಗೆ ತುಂಬೆ ರಸ, ಚರ್ಮಕ್ಕೆ ತುಂಬೆ ರಸ, ಚೇಳು ಕುಟುಕಿದರೂ ತುಂಬೆ ರಸ ಎಂಬ ನಂಬಿಕೆ ಹಳ್ಳಿಗಳಲ್ಲಿ ಇದೆ. ನೆಗಡಿ ಹೇಗೂ ವಾರದಲ್ಲಿ ಹೋಗುತ್ತದೆ. ಆದರೆ ಕೆಂಪು ಚೇಳು ಮಕ್ಕಳ ಜೀವ ತೆಗೆಯಬಲ್ಲದು. ಅದಕ್ಕೆ ಪ್ರಾಜೋಸಿನ್ ಮಾತ್ರೆ ಕೆಲಸ ಮಾಡುತ್ತದೆಂದು ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ಚೇಳು ಕುಟುಕಿದರೆ ತುಂಬೆ ಹುಡುಕುತ್ತಾ ಹೊತ್ತು ಕಳೆಯದೆ ಆಸ್ಪತ್ರೆಗೆ ಹೊರಡಿ.

ನಗರದಲ್ಲಿರುವವರಿಗೆ ಕಡೆಯದಾಗಿ ಒಂದು ಕೋರಿಕೆ. ನಿಮ್ಮ ಬೀದಿಯ ಖಾಲಿ ಸೈಟಿಗೆ ಜೆಸಿಬಿ ಬರುವ ದಿನ ಗೊತ್ತಾದರೆ ಅದಕ್ಕೆ ಮುಂಚೆ ಒಂದು ಬಕೆಟ್ ಹಿಡಿದು ಹೋಗಿ. ತುಂಬೆ ನಿಂತಿದ್ದ ಜಾಗದ ಮೇಲ್ಮಣ್ಣನ್ನು ಎರಡು ಅಂಗುಲ ಆಳದಷ್ಟು ಕೆರೆದು ತುಂಬಿಕೊಂಡು ಬನ್ನಿ. ಗಿಡ ಒಣಗಿ ಹೋಗಿದ್ದರೂ ಚಿಂತೆಯಿಲ್ಲ, ಬೀಜ ಅದರಲ್ಲಿದೆ. ಪಾಯ ತೋಡಿದ ಮಣ್ಣು ಲಾರಿ ಹತ್ತಿ ಹೋದ ಮೇಲೆ ಅದನ್ನು ಆರಿಸಿಕೊಳ್ಳುವ ಉಪಾಯ ಇಲ್ಲ.